ಹಳ್ಳಿಯಲ್ಲಿ ಬಿಪಿ ಹತೋಟಿ: ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ?

ಬಿಪಿ ಮಾತ್ರೆ ಈಗ ದುಬಾರಿ ಏನಲ್ಲ. ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಒಂದು ರೂಪಾಯಿಗೂ ಕಡಿಮೆಗೆ ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡೇ ಬೇಡ. ಹೀಗಿದ್ದೂ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನವರಿಗೆ ಲಕ್ವ ಹೊಡೆಯುವುದು ನಿಂತಿಲ್ಲ. ತಮಗೆ ಬಿಪಿ ಇದೆ ಅಂತಲೇ ಗೊತ್ತಿಲ್ಲದವರು ಒಂದಷ್ಟು ಜನ. ಗೊತ್ತಿದ್ದೂ ಎರಡು ತಿಂಗಳು ಮಾತ್ರೆ ತಿಂದು, ಈಗ ಆರಾಮಾಗಿದೀನಿ ಅಂತ ಬಿಟ್ಟವರು ಇನ್ನೊಂದಷ್ಟು ಜನ. ಒಬ್ಬರಿಗೆ ಲಕ್ವ ಹೊಡೆದರೆ ಆ ಮನೆಯಲ್ಲಿ ಇಬ್ಬರ ದುಡಿಮೆ ನಿಲ್ಲುತ್ತದೆ. ಮಲಗಿದವರದು ಒಂದು, ಅವರನ್ನು ನೋಡಿಕೊಳ್ಳುವವರದು ಇನ್ನೊಂದು.

ಹಾಗಾಗಿ ಖರ್ಚು ಕಡಿಮೆ ಮಾಡೋದು ಅಂದರೆ ಇನ್ನೂ ಅಗ್ಗದ ಮಾತ್ರೆ ಹುಡುಕುವುದು ಅಂದುಕೊಳ್ಳಬೇಡಿ. ಮಾತ್ರೆ ಬಿಟ್ಟವರ ಮನೆಗೆ ಹೋಗಿ ವಾಪಸ್ ಕರೆತರುವುದಕ್ಕೆ ಹಾಕುವ ಹಣವೇ ಇಲ್ಲಿ ಹೆಚ್ಚು ಫಲ ಕೊಡುತ್ತದೆ. ಈ ಲೇಖನ ಪಂಚಾಯ್ತಿ ಸದಸ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಸ್ತ್ರೀಶಕ್ತಿ ಸಂಘದವರಿಗೆ, ಊರಲ್ಲಿ ಅಪ್ಪ-ಅಮ್ಮನನ್ನು ಬಿಟ್ಟು ಪಟ್ಟಣದಲ್ಲಿರುವ ಮಕ್ಕಳಿಗೆ.

ಮನೆಗೆ ಹೋಗಿ ನೋಡುವುದು ಕೆಲಸ ಮಾಡುತ್ತದೆ ಅನ್ನೋದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಅಕ್ಕಪಕ್ಕದಲ್ಲೇ ಇದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ 30 ಗ್ರಾಮೀಣ ಸಮುದಾಯಗಳಲ್ಲಿ ಕೋಬ್ರಾ-ಬಿಪಿಎಸ್ ಅನ್ನುವ ಪ್ರಯೋಗ ನಡೆಯಿತು. ಬಿಪಿ ಇದ್ದ 2,645 ಜನರನ್ನು ಎರಡು ವರ್ಷ ಗಮನಿಸಿದರು. ಸಿಂಗಪುರದ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಕಾಲೇಜಿನ ತಜೀನ್ ಜಾಫರ್ ಇದರ ಮುಂದಾಳು. ಅರ್ಧದಷ್ಟು ಸಮುದಾಯಗಳಲ್ಲಿ ಎಂದಿನ ಆರೈಕೆ. ಉಳಿದ ಅರ್ಧದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ಬಿಪಿ ನೋಡಿದರು, ಊಟ-ಮಾತ್ರೆಯ ಬಗ್ಗೆ ಮಾತಾಡಿದರು, ಜಾಸ್ತಿ ಇದ್ದವರನ್ನು ತರಬೇತಿ ಪಡೆದ ಸರ್ಕಾರಿ ವೈದ್ಯರ ಹತ್ತಿರ ಕಳಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆ ಭೇಟಿ ಇದ್ದ ಕಡೆ ಮೇಲಿನ ಬಿಪಿ (140/90 ಅಂದಾಗ ಮೊದಲು ಬರುವ ಅಂಕಿ) ಸರಾಸರಿ 5 ಅಂಕ ಹೆಚ್ಚು ಇಳಿದಿತ್ತು. ಅಲ್ಲಿ ಶೇ 53 ಜನರ ಬಿಪಿ ಹತೋಟಿಗೆ ಬಂದಿತ್ತು, ಎಂದಿನ ಆರೈಕೆಯಲ್ಲಿ ಶೇ 44. ದೇಶದ ತುಂಬ ವಿಸ್ತರಿಸಿದರೆ ಒಬ್ಬ ರೋಗಿಗೆ ವರ್ಷಕ್ಕೆ 11 ಡಾಲರಿಗಿಂತ ಕಡಿಮೆ ಸಾಕು ಅನ್ನುವುದು ಅವರ ಅಂದಾಜು.

5 ಅಂಕ ಅಂದರೆ ಏನು ಮಹಾ ಅನ್ನಿಸಬಹುದು. ಮೇಲಿನ ಬಿಪಿ 10 ಅಂಕ ಇಳಿದರೆ ಲಕ್ವ ಹೊಡೆಯುವ ಸಾಧ್ಯತೆ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಇಡೀ ಊರಿನ ಸರಾಸರಿ 5 ಇಳಿಯುವುದು ಸಣ್ಣ ಮಾತಲ್ಲ.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ ಗಡಿಯಾಚೆಗೇ ಇದೆ. ಆಂಧ್ರದ ಮದನಪಲ್ಲೆ ಹತ್ತಿರದ ರಿಷಿ ವ್ಯಾಲಿ ಸುತ್ತಲಿನ ಹಳ್ಳಿಗಳಲ್ಲಿ, ಜೊತೆಗೆ ಪಶ್ಚಿಮ ಗೋದಾವರಿ ಮತ್ತು ತಿರುವನಂತಪುರದಲ್ಲಿ, ಆಶಾ ಕಾರ್ಯಕರ್ತೆಯರು ಬಿಪಿ ಇದ್ದವರನ್ನು ಹದಿನೈದು ದಿನಕ್ಕೊಮ್ಮೆ ಸೇರಿಸಿ ಸಭೆ ಮಾಡಿದರು. ಮೂರು ತಿಂಗಳಲ್ಲಿ ಆರು ಸಭೆ, ಅಷ್ಟೇ. ಅಲ್ಲೂ ಬಿಪಿ ಸುಮಾರು 5 ಅಂಕ ಹೆಚ್ಚು ಇಳಿಯಿತು.

ಮೊದಲ ಹೆಜ್ಜೆ: ಊರಲ್ಲಿ ಏನಿದೆ ನೋಡಿ

ಹೊಸ ಸಂಸ್ಥೆ ಕಟ್ಟಬೇಡಿ, ಬೇಕಾಗಿಲ್ಲ. ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಆಗಿದ್ದರೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಆಶಾ ಇದ್ದಾರೆ. 30 ದಾಟಿದವರ ಬಿಪಿ, ಸಕ್ಕರೆ ನೋಡುವುದು ಅವರ ಕೆಲಸದಲ್ಲಿ ಸೇರಿಯೇ ಇದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ತಪಾಸಣೆ ಮಾಡುವ ವ್ಯವಸ್ಥೆಯೂ ಬಂದಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ, ಅಂದರೆ ಊರಿನ ಅಗತ್ಯ ನೋಡಿ ಖರ್ಚು ಮಾಡುವ ಹಣ, ಇರುತ್ತದೆ. ಎಷ್ಟೋ ಊರುಗಳಲ್ಲಿ ಆ ಸಮಿತಿ ಇದೆ ಅಂತಲೇ ಜನಕ್ಕೆ ಗೊತ್ತಿರುವುದಿಲ್ಲ. ನಿಮ್ಮೂರಿನ ಸಮಿತಿಯಲ್ಲಿ ಯಾರ್‍ಯಾರಿದ್ದಾರೆ, ಹೋದ ವರ್ಷದ ಹಣ ಯಾವುದಕ್ಕೆ ಹೋಯಿತು ಅಂತ ಕೇಳಿ.

ಇಲ್ಲಿ ಒಂದು ಮಾತು. ಆಶಾ ಕಾರ್ಯಕರ್ತೆಯ ಸಮಯ ಪುಕ್ಕಟೆ ಅಂತ ಲೆಕ್ಕ ಹಾಕಬೇಡಿ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಕೂತಿದ್ದರು. ಅವರ ಕೆಲಸಕ್ಕೆ ಬೆಲೆ ಹಾಕದ ಯೋಜನೆ ಕಾಗದದ ಮೇಲೆ ಅಗ್ಗ ಕಾಣುತ್ತದೆ, ಆರು ತಿಂಗಳಲ್ಲಿ ನಿಂತು ಹೋಗುತ್ತದೆ.

ಎರಡನೆ ಹೆಜ್ಜೆ: ಹೆಸರು ಬರೆಯಿರಿ

30 ದಾಟಿದ ಎಲ್ಲರ ಹೆಸರು, ಮನೆ ಮನೆಯಂತೆ. ಎರಡು ಸಾವಿರ ಜನರ ಊರಾದರೆ ಹೆಚ್ಚುಕಡಿಮೆ ಸಾವಿರ ಹೆಸರು ಬರುತ್ತದೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಜನಕ್ಕೆ ಬಿಪಿ ಇದೆ. ಹಾಗೆ ನೋಡಿದರೆ ನಿಮ್ಮ ಸಾವಿರದಲ್ಲಿ ಸುಮಾರು 350 ಜನ ಸಿಗಬಹುದು. ಪಟ್ಟಿಯಲ್ಲಿ 60 ಜನ ಮಾತ್ರ ಬಂದರೆ ನಿಮ್ಮೂರು ಆರೋಗ್ಯವಾಗಿದೆ ಅಂತ ಸಂತೋಷಪಡಬೇಡಿ. ಗಂಡಸರು ಹೊಲಕ್ಕೆ ಹೋದಾಗ ತಪಾಸಣೆ ಮಾಡಿರುತ್ತಾರೆ, ಅಷ್ಟೇ.

ಬಿಟ್ಟುಹೋಗುವವರು ಹೆಚ್ಚಾಗಿ ಗಂಡಸರೇ. ಅದರಲ್ಲೂ ನಲವತ್ತರ ಆಸುಪಾಸಿನವರು. ಅವರನ್ನು ಹಿಡಿಯಬೇಕಾದರೆ ಬೆಳಿಗ್ಗೆ ಆರಕ್ಕೆ ಹಾಲಿನ ಡೈರಿ ಹತ್ತಿರ ಕೂರಿ. ಡೈರಿ ಇಲ್ಲದ ಊರಲ್ಲಿ ಸಂತೆ ದಿನ, ಇಲ್ಲವೇ ಸೊಸೈಟಿಯಲ್ಲಿ ರೇಷನ್ ಕೊಡುವ ದಿನ.

ಮೂರನೆ ಹೆಜ್ಜೆ: ಸರಿಯಾಗಿ ಅಳೆಯಿರಿ

ಇಲ್ಲಿ ತಪ್ಪಾದರೆ ಮುಂದಿನ ಖರ್ಚೆಲ್ಲ ದಂಡ. ಬಿಪಿ ಇಲ್ಲದವರಿಗೆ ವರ್ಷಗಟ್ಟಲೆ ಮಾತ್ರೆ, ಇದ್ದವರಿಗೆ ಏನೂ ಇಲ್ಲ ಅನ್ನುವ ಭರವಸೆ. ಎರಡೂ ಆಗುತ್ತದೆ.

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ತನ್ನಿ. ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ. ಮಣಿಕಟ್ಟಿಗೆ ಕಟ್ಟುವುದು ಬೇಡ. ದಪ್ಪ ತೋಳಿನವರಿಗೆ ದೊಡ್ಡ ಪಟ್ಟಿ ಬೇಕು, ಚಿಕ್ಕದನ್ನು ಬಿಗಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅರ್ಧ ಗಂಟೆ ಮುಂಚೆ ಕಾಫಿ, ಟೀ, ಬೀಡಿ, ಎಲೆಅಡಿಕೆ-ಹೊಗೆಸೊಪ್ಪು ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ. ಪಟ್ಟಿಯನ್ನು ಅಂಗಿ ಮೇಲೆ ಕಟ್ಟಬೇಡಿ. ಯಂತ್ರ ಓಡುವಾಗ ಅವರೂ ಮಾತಾಡಬಾರದು, ನೀವೂ ಮಾತಾಡಿಸಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡರ ಸರಾಸರಿ ಬರೆಯಿರಿ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಅದೇ ತೋಳು.

ಒಂದೇ ದಿನ ಜಾಸ್ತಿ ಬಂದ ಮಾತ್ರಕ್ಕೆ ಬಿಪಿ ಕಾಯಿಲೆ ಅನ್ನುವ ಹಾಗಿಲ್ಲ. ಬೇರೆ ಬೇರೆ ಎರಡು ದಿನ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೈದ್ಯರ ಹತ್ತಿರ ಕಳಿಸಿ. 180/110 ದಾಟಿದ್ದರೆ ಮಾತ್ರ ಎರಡನೆ ದಿನಕ್ಕೆ ಕಾಯುವುದು ಬೇಡ, ಅವತ್ತೇ ಕಳಿಸಿ.

ನಾಲ್ಕನೆ ಹೆಜ್ಜೆ: ಮಾತ್ರೆ ಊರಿಗೇ ಬರಲಿ

ಮಾತ್ರೆ ಶುರು ಮಾಡುವುದು, ಬದಲಿಸುವುದು, ಜಾಸ್ತಿ ಮಾಡುವುದು ವೈದ್ಯರ ಕೆಲಸ. ಊರಿನವರು ಕೇಳಬೇಕಾದದ್ದು ಬೇರೆ: ಇಲ್ಲಿ ಎಲ್ಲರಿಗೂ ಒಂದೇ ಕ್ರಮ ಇದೆಯೇ? 2017ರಲ್ಲಿ ಪಂಜಾಬ್, ಮಧ್ಯಪ್ರದೇಶ, ಕೇರಳ, ತೆಲಂಗಾಣ, ಮಹಾರಾಷ್ಟ್ರದಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಇದನ್ನೇ ಮಾಡಿತು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಒಂದು ಮಾತ್ರೆ. ಇಂಥ ಎರಡು-ಮೂರು ಔಷಧಿಗಳನ್ನೇ ಹಿಡಿದು, ಯಾವುದರ ನಂತರ ಯಾವುದು, ಎಷ್ಟು ಅನ್ನುವ ಒಂದು ಪುಟದ ಕ್ರಮ ಮಾಡಿಕೊಂಡರು. ಹತ್ತು ಕಂಪನಿಯ ಹತ್ತು ಹೆಸರಿನ ಮಾತ್ರೆ ಬದಲು ಮೂರೇ ಇದ್ದರೆ ಒಟ್ಟಿಗೆ ಖರೀದಿಸಬಹುದು, ಬೆಲೆ ಇಳಿಯುತ್ತದೆ, ವರ್ಷಕ್ಕೆ ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಸಿಗುತ್ತದೆ. ಮಾತ್ರೆ ಖಾಲಿ ಅನ್ನುವ ಮಾತು ಕಡಿಮೆಯಾಗುತ್ತದೆ.

ಎರಡನೆಯದು, ದೂರ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಟ್ಟರೂ ಹೋಗಿ ಬರಲು ಒಂದು ದಿನ ಬೇಕು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜ್ ಉಳಿಯಿತು, ಒಳ್ಳೆಯದೇ. ಕೂಲಿ ಹೋದದ್ದು ಹೋದದ್ದೇ ಅಲ್ವಾ? 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ತಿಂಗಳಿಗೊಮ್ಮೆ ಹೋದರೂ ವರ್ಷಕ್ಕೆ 4,440 ರೂಪಾಯಿ. ಜನೌಷಧಿಯಲ್ಲಿ ದುಡ್ಡು ಕೊಟ್ಟು ಕೊಂಡರೂ ಇಡೀ ವರ್ಷದ ಅಮ್ಲೋಡಿಪಿನ್‌ಗೆ ಇದರ ಹತ್ತನೆ ಒಂದು ಭಾಗ ಆಗುವುದಿಲ್ಲ. ಪುಕ್ಕಟೆ ಮಾತ್ರೆಯನ್ನು ಜನ ಬಿಡುವುದಕ್ಕೆ ಇದು ದೊಡ್ಡ ಕಾರಣ. ಅವರ ಸೋಮಾರಿತನ ಅಂತ ಬೈಯುವುದು ಅನ್ಯಾಯ.

ಅದಕ್ಕೇ, ಬಿಪಿ ಹತೋಟಿಗೆ ಬಂದವರಿಗೆ ಉಪಕೇಂದ್ರದಲ್ಲೇ ಮಾತ್ರೆ ಸಿಗಬೇಕು. ಒಂದು ಸಲಕ್ಕೆ ಕನಿಷ್ಠ 30 ದಿನದ್ದು, ಸಾಧ್ಯವಾದರೆ 60 ದಿನದ್ದು. ವಾರಕ್ಕೊಂದು ಸಲ ಬನ್ನಿ ಅನ್ನುವ ಪದ್ಧತಿ ಇದ್ದರೆ ವೈದ್ಯಾಧಿಕಾರಿಗೆ ಬರೆದು ಕೊಡಿ. ಆ ಐದು ರಾಜ್ಯಗಳ ಅನುಭವವೂ ಇದೇ ಹೇಳಿತು: ದೊಡ್ಡ ಆಸ್ಪತ್ರೆಗೆ ಹೋಗುವವರಿಗಿಂತ ಹತ್ತಿರದ ಕೇಂದ್ರಕ್ಕೆ ಹೋಗುವವರ ಬಿಪಿ ಚೆನ್ನಾಗಿ ಹತೋಟಿಯಲ್ಲಿತ್ತು. ಉಪಕೇಂದ್ರದಿಂದಲೇ ಇ-ಸಂಜೀವಿನಿ ಮೂಲಕ ವೈದ್ಯರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಬಹುದು. ಅದರಿಂದಲೂ ಒಂದು ದಿನದ ಕೂಲಿ ಉಳಿಯುತ್ತದೆ.

ಐದನೆ ಹೆಜ್ಜೆ: ಬರದವರ ಪಟ್ಟಿ

ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿ.

ಒಂದು ಉದ್ದನೆ ನೋಟ್‌ಬುಕ್ ತಗೊಳ್ಳಿ. ಹೆಸರು, ವಯಸ್ಸು, ಫೋನ್, ಯಾವ ಮಾತ್ರೆ, ಇವತ್ತಿನ ಬಿಪಿ, ಮುಂದೆ ಬರಬೇಕಾದ ತಾರೀಖು. ಕೊನೆಯ ಕಾಲಂ ಮುಖ್ಯ. ಪ್ರತಿ ಸೋಮವಾರ ಪುಸ್ತಕ ತೆಗೆದು, ಹೋದ ವಾರ ಬರಬೇಕಿದ್ದೂ ಬರದವರ ಹೆಸರಿಗೆ ಕೆಂಪು ಗುರುತು ಹಾಕಿ. ಮೊದಲು ಫೋನ್. ಫೋನಿಗೆ ಸಿಗದಿದ್ದರೆ ಅಥವಾ ಬರುತ್ತೀನಿ ಅಂದು ಬರದಿದ್ದರೆ ಆ ವಾರದೊಳಗೆ ಮನೆಗೆ ಹೋಗಿ. ಸರ್ಕಾರದ ಆ್ಯಪ್‌ನಲ್ಲಿ ಈ ಮಾಹಿತಿ ಇರಬಹುದು, ಇರಲಿ. ನೆಟ್‌ವರ್ಕ್ ಇಲ್ಲದ ದಿನವೂ ಪುಸ್ತಕ ತೆರೆಯುತ್ತದೆ.

ಮನೆಗೆ ಹೋದಾಗ ಯಾಕೆ ಬರಲಿಲ್ಲ ಅಂತ ಗದರಬೇಡಿ. ಮಾತ್ರೆ ಬಿಟ್ಟಾಗ ಏನಾಗಿತ್ತು ಅಂತ ಕೇಳಿ. ಸಾಮಾನ್ಯವಾಗಿ ಸಿಗುವ ಉತ್ತರಗಳು ನಾಲ್ಕೈದೇ. ಬಿಪಿ ನಾರ್ಮಲ್ ಬಂತು, ಅದಕ್ಕೇ ಬಿಟ್ಟೆ ಅನ್ನುವವರಿಗೆ, ನಾರ್ಮಲ್ ಬಂದದ್ದೇ ಮಾತ್ರೆಯಿಂದ ಅಂತ ಹೇಳಿ, ಪುಸ್ತಕದಲ್ಲಿ ಅವರದೇ ಹಳೆಯ ಅಂಕಿ ತೋರಿಸಿ. ಕಾಲು ಊದಿಕೊಂಡಿತು ಅಂದರೆ ಅದು ಅಮ್ಲೋಡಿಪಿನ್‌ನಿಂದ ಆಗಬಹುದಾದದ್ದು, ಬೇರೆ ಮಾತ್ರೆ ಇದೆ, ವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ. ಒಂದು ಸಲ ಶುರು ಮಾಡಿದರೆ ಸಾಯೋತನಕ ತಿನ್ನಬೇಕಂತೆ ಅನ್ನುವ ಹೆದರಿಕೆ ತುಂಬ ಜನಕ್ಕಿದೆ. ಹೌದು, ಹೆಚ್ಚಿನವರು ಬಹುಕಾಲ ತಿನ್ನಬೇಕಾಗುತ್ತದೆ ಅಂತ ನಿಜ ಹೇಳಿ. ಲಕ್ವ ಹೊಡೆದ ಮೇಲೂ ತಿನ್ನುವುದು ಇದೇ ಮಾತ್ರೆ, ಅದರ ಜೊತೆಗೆ ಇನ್ನೂ ನಾಲ್ಕು ಅಂತಲೂ ಹೇಳಿ. ನಾಟಿ ಔಷಧಿ ತಗೊಳ್ಳುತ್ತೇನೆ ಅನ್ನುವವರ ಜೊತೆ ಜಗಳ ಬೇಡ. ತಿಂಗಳಿಗೊಮ್ಮೆ ಬಿಪಿ ನೋಡಿಸಿ ಅನ್ನಿ, ಅಂಕಿ ತಾನೇ ಮಾತಾಡುತ್ತದೆ.

ಸೊಸೆ, ಮಗ, ಹೆಂಡತಿ, ಯಾರಾದರೂ ಒಬ್ಬರು ಆ ಮಾತು ಕೇಳಿಸಿಕೊಳ್ಳುವಂತೆ ಹೇಳಿ. ಮಾತ್ರೆ ನೆನಪಿಸುವವರು ಅವರೇ. ದೂರದಲ್ಲಿರುವ ಮಕ್ಕಳು ವಾರಕ್ಕೊಮ್ಮೆ ಫೋನ್ ಮಾಡಿದಾಗ ಊಟ ಆಯ್ತಾ ಅನ್ನುವುದರ ಜೊತೆ ಮಾತ್ರೆ ಎಷ್ಟು ಉಳಿದಿದೆ ಅಂತಲೂ ಕೇಳಿದರೆ ದೊಡ್ಡ ಸಹಾಯ.

ಆರನೆ ಹೆಜ್ಜೆ: ಒಂದೇ ಭೇಟಿಯಲ್ಲಿ ಉಳಿದದ್ದನ್ನೂ ನೋಡಿ

ಸಮಗ್ರ ಆರೈಕೆ ಅಂದರೆ ಇದೇ. ಬಿಪಿಗೊಂದು ದಿನ, ಸಕ್ಕರೆಗೊಂದು ದಿನ, ಕಣ್ಣಿಗೊಂದು ಕ್ಯಾಂಪ್ ಅಂತ ಓಡಾಡಿಸಿದರೆ ಜನ ಯಾವುದಕ್ಕೂ ಬರುವುದಿಲ್ಲ. ಆಶಾ ಹೇಗೂ ಮನೆಗೆ ಹೋಗಿದ್ದಾರೆ. ಬೆರಳಿಗೆ ಚುಚ್ಚಿ ಸಕ್ಕರೆ ನೋಡುವುದಕ್ಕೆ ಇನ್ನೆರಡು ನಿಮಿಷ ಸಾಕು. ಹೊಗೆಸೊಪ್ಪು, ಗುಟ್ಕಾ ಹಾಕುವವರ ಬಾಯಿಯಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ ಇದೆಯೇ ನೋಡಿ. ವರ್ಷಕ್ಕೊಮ್ಮೆ ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಅನ್ನುವ ರಕ್ತ ಪರೀಕ್ಷೆ ಮತ್ತು ಮೂತ್ರ ಪರೀಕ್ಷೆ.

ನೋವಿನ ಮಾತ್ರೆಯ ಬಗ್ಗೆ ತಪ್ಪದೆ ಕೇಳಿ. ಗದ್ದೆ ಕೆಲಸ, ಮಂಡಿನೋವು, ಸೊಂಟನೋವು ಅಂತ ಅಂಗಡಿಯಿಂದ ತಂದು ದಿನಾ ಡೈಕ್ಲೊಫೆನಾಕ್‌ನಂಥ ಮಾತ್ರೆ ತಿನ್ನುವವರು ಬಹಳ. ಅದು ಬಿಪಿ ಏರಿಸುತ್ತದೆ, ಕಿಡ್ನಿಗೂ ಕೆಟ್ಟದ್ದು. ಬಿಪಿ ಯಾಕೆ ಇಳಿಯುತ್ತಿಲ್ಲ ಅಂತ ಎರಡನೆ, ಮೂರನೆ ಮಾತ್ರೆ ಸೇರಿಸುವ ಮುಂಚೆ ಈ ಒಂದು ಪ್ರಶ್ನೆ ಕೇಳಿದರೆ ಔಷಧಿಯ ಖರ್ಚೂ ಉಳಿಯುತ್ತದೆ, ಮನುಷ್ಯನ ಕಿಡ್ನಿಯೂ ಉಳಿಯುತ್ತದೆ.

ಬಸುರಿಯರ ವಿಷಯ ಬೇರೆ. ಅವರಿಗೆ ಟೆಲ್ಮಿಸಾರ್ಟನ್ ಕೊಡಬಾರದು. ಬಸುರಿಯಲ್ಲಿ ಬಿಪಿ ಏರಿದ್ದವರನ್ನು ಹೆರಿಗೆಯಾದ ಮೇಲೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಮುಂದೆ ಅವರಿಗೆ ಬಿಪಿ ಬರುವ ಸಾಧ್ಯತೆ ಜಾಸ್ತಿ.

ಏಳನೆ ಹೆಜ್ಜೆ: ಉಪ್ಪು

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಚಿಕ್ಕ ಚಮಚ. ಇದನ್ನು ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಹೀಗೆ ಮಾಡಿ: ತಿಂಗಳಿಗೆ ಮನೆಗೆ ಎಷ್ಟು ಉಪ್ಪು ತರುತ್ತೀರಿ ಅಂತ ಕೇಳಿ. ಐದು ಜನರ ಮನೆಗೆ ಎಲ್ಲ ಸೇರಿ ತಿಂಗಳಿಗೆ ಮುಕ್ಕಾಲು ಕಿಲೋ ಮಿತಿ. ಎರಡು ಕಿಲೋ ಅಂದರೆ ಅವರಿಗೇ ಅರ್ಥವಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಒಣಮೀನು ಇವುಗಳಲ್ಲಿರುವ ಉಪ್ಪೂ ಇದೇ ಮಿತಿಯೊಳಗೆ ಬರಬೇಕು. ಸಾರಿಗೆ ಉಪ್ಪು ಕಡಿಮೆ ಮಾಡಿ ಹುಣಸೆಹುಳಿ, ನಿಂಬೆಹಣ್ಣು, ಬೆಳ್ಳುಳ್ಳಿ, ಕೊತ್ತಂಬರಿ ಸ್ವಲ್ಪ ಮುಂದೆ ಮಾಡಿದರೆ ನಾಲಿಗೆ ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತದೆ.

ಪೊಟ್ಯಾಶಿಯಂ ಬೆರೆಸಿದ ಉಪ್ಪೂ ಒಂದು ದಾರಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಈ ಉಪ್ಪು ಬಳಸಿದವರಲ್ಲಿ ಲಕ್ವ ಶೇ 14 ಕಡಿಮೆಯಾಯಿತು. 2021ರಲ್ಲಿ ಅದು ಪ್ರಕಟವಾಯಿತು. ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಇದು ಅಪಾಯ. ಟೆಲ್ಮಿಸಾರ್ಟನ್ ತಿನ್ನುವವರು ವೈದ್ಯರನ್ನು ಕೇಳದೆ ಬಳಸಬಾರದು.

ಎಂಟನೆ ಹೆಜ್ಜೆ: ಯಾರನ್ನು ತಕ್ಷಣ ಕಳಿಸಬೇಕು

ಬಾಯಿ ಸೊಟ್ಟ, ಒಂದು ಕಡೆಯ ಕೈಕಾಲು ಸೋಲು, ಮಾತು ತೊದಲು. ಇದರಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದುಕೊಂಡು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಎದೆನೋವು, ಉಸಿರಾಟದ ತೊಂದರೆಗೂ ಇದೇ ನಿಯಮ.

ಒಂಬತ್ತನೆ ಹೆಜ್ಜೆ: ಖರ್ಚಿನ ಲೆಕ್ಕ

ತಲೆಗೆ ಎಷ್ಟು ಖರ್ಚಾಯಿತು ಅಂತ ಮಾತ್ರ ನೋಡಬೇಡಿ. ಬಿಪಿ ಹತೋಟಿಗೆ ಬಂದ ಒಬ್ಬರಿಗೆ ಎಷ್ಟು ಖರ್ಚಾಯಿತು ಅಂತ ನೋಡಿ. ಲೆಕ್ಕದ ರೀತಿ ತಿಳಿಯಲಿ ಅಂತ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ, ನಿಮ್ಮೂರಿನ ಅಂಕಿ ಬೇರೆಯೇ ಇರುತ್ತದೆ.

ನೂರು ರೋಗಿಗಳು ಅಂದುಕೊಳ್ಳಿ. ವರ್ಷದ ಮಾತ್ರೆಗೆ 42,500 ರೂಪಾಯಿ. ರಕ್ತ, ಮೂತ್ರ ಪರೀಕ್ಷೆಗೆ 15,000. ಯಂತ್ರ ನಾಲ್ಕು ವರ್ಷ ಬಾಳುತ್ತದೆ ಅಂತ ಹಿಡಿದು, ಬ್ಯಾಟರಿ, ಪುಸ್ತಕ ಎಲ್ಲ ಸೇರಿ 2,500. ಇಲ್ಲಿಗೆ 60,000. ವರ್ಷಕ್ಕೆ ಒಬ್ಬರ ಮನೆಗೆ ನಾಲ್ಕು ಭೇಟಿ, ಭೇಟಿಗೆ ಆಶಾ ಅವರಿಗೆ 50 ರೂಪಾಯಿ ಅಂದರೆ 20,000. ಒಟ್ಟು 80,000.

ಮನೆ ಭೇಟಿ ಬಿಟ್ಟರೆ 20,000 ಉಳಿಯಿತು ಅಂತ ಯಾರಾದರೂ ಹೇಳುತ್ತಾರೆ. ಆಗ ಅರ್ಧ ಜನ ಮಾತ್ರೆ ಬಿಟ್ಟು, ವರ್ಷದ ಕೊನೆಗೆ 30 ಜನರ ಬಿಪಿ ಮಾತ್ರ ಹತೋಟಿಯಲ್ಲಿದ್ದರೆ ಒಬ್ಬರಿಗೆ 2,000 ರೂಪಾಯಿ ಬಿತ್ತು. ಬಿಟ್ಟವರು ಮಾತ್ರೆ ತಿನ್ನದೆ ಸ್ವಲ್ಪ ಔಷಧಿ ಉಳಿದರೂ ಅದು ಉಳಿತಾಯ ಅಲ್ಲ. ಭೇಟಿ ಮಾಡಿ 50 ಜನರ ಬಿಪಿ ಹತೋಟಿಗೆ ಬಂದರೆ ಒಬ್ಬರಿಗೆ 1,600. ಜಾಸ್ತಿ ಖರ್ಚು ಮಾಡಿದ ದಾರಿಯೇ ಅಗ್ಗವಾಯಿತು. ಇದರಲ್ಲಿ ತಪ್ಪಿದ ಲಕ್ವ, ತಪ್ಪಿದ ಡಯಾಲಿಸಿಸ್, ಉಳಿದ ಕೂಲಿ ಯಾವುದನ್ನೂ ಸೇರಿಸಿಲ್ಲ.

ವರ್ಷಕ್ಕೊಂದು ದೊಡ್ಡ ಶಿಬಿರಕ್ಕೆ ಶಾಮಿಯಾನ, ಬ್ಯಾನರ್, ಊಟಕ್ಕೆ ಹಾಕುವ ಹಣವನ್ನೂ ಇದೇ ತಕ್ಕಡಿಯಲ್ಲಿ ತೂಗಿ. ಶಿಬಿರದಲ್ಲಿ ಹೊಸಬರು ಪತ್ತೆಯಾಗುತ್ತಾರೆ, ಸರಿ. ಮುಂದಿನ ತಿಂಗಳು ಅವರ ಮನೆ ಬಾಗಿಲಿಗೆ ಹೋಗುವವರು ಯಾರು ಅಂತ ಗೊತ್ತಿಲ್ಲದಿದ್ದರೆ ಆ ಶಿಬಿರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೂರು ತಿಂಗಳಿಗೊಮ್ಮೆ ಪುಸ್ತಕದಿಂದ ಮೂರು ಅಂಕಿ ತೆಗೆಯಿರಿ: ಪಟ್ಟಿಯಲ್ಲಿ ಎಷ್ಟು ಜನ, ಅವರಲ್ಲಿ 140/90ಕ್ಕಿಂತ ಕೆಳಗೆ ಬಂದವರು ಎಷ್ಟು, ಈ ಮೂರು ತಿಂಗಳಲ್ಲಿ ಒಮ್ಮೆಯೂ ಬರದವರು ಎಷ್ಟು. ಹೆಸರು ಹೇಳದೆ ಅಂಕಿ ಮಾತ್ರ ಗ್ರಾಮಸಭೆಯಲ್ಲಿ ಓದಿ. ಜೊತೆಗೆ ಉಪಕೇಂದ್ರದಲ್ಲಿ ಎಷ್ಟು ದಿನದ ಮಾತ್ರೆ ದಾಸ್ತಾನು ಇದೆ ಅಂತ ಕೇಳಿ ನಡಾವಳಿಯಲ್ಲಿ ಬರೆಸಿ. ಒಂದು ತಿಂಗಳಿಗಿಂತ ಕಡಿಮೆ ಇದ್ದರೆ ಅವತ್ತೇ ನಿರ್ಣಯ ಮಾಡಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಿ, ಸ್ವೀಕೃತಿ ತಗೊಂಡು ಅದೇ ಪುಸ್ತಕದಲ್ಲಿ ಅಂಟಿಸಿಡಿ.